ಕಸದ ಗಾಡಿ ಟೆಂಡರಿಗೋ, ನಮ್ಮವರ ಕೈಗೋ? ಮೇಲಿನವರು ತಪಾಸಣೆ ಮಾಡೋದು ಏನನ್ನ?

ಬೆಟ್ಟದಾಚೆ
ಊರಿನ ಹೆಸರು ಬೇಡ. ಕೊಡಗಿನಲ್ಲಿ ಪಟ್ಟಣ ಅನ್ನಿಸಿಕೊಂಡಿರೋದು ಬೆರಳೆಣಿಕೆಯಷ್ಟು, ಅದರಲ್ಲೊಂದು ಅಂದುಕೊಳ್ಳಿ. ಕಳೆದ ಸಾಮಾನ್ಯ ಸಭೆಯಲ್ಲಿ ನಮ್ಮ ಸದಸ್ಯರು ಒಂದು ನಿರ್ಣಯ ಮಾಡಿದರು: ಮನೆಮನೆ ಕಸ ಎತ್ತುವ ಕೆಲಸ ಗುತ್ತಿಗೆಗೆ ಬೇಡ, ನಮ್ಮದೇ ಗಾಡಿ, ನಮ್ಮದೇ ಪೌರಕಾರ್ಮಿಕರು ಸಾಕು ಅಂತ. ಹದಿನೈದು ದಿನ ಕಳೆಯುವಷ್ಟರಲ್ಲಿ ಮೇಲಿನ ಕಚೇರಿಯಿಂದ ಪತ್ರ. "ಸ್ಪರ್ಧಾತ್ಮಕ ಟೆಂಡರ್ ಕರೆಯದೆ ಈ ತೀರ್ಮಾನಕ್ಕೆ ಬಂದ ಬಗ್ಗೆ ವಿವರಣೆ ನೀಡುವುದು."

ನಾನು ಮುಖ್ಯರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡಿರೋನು, ಕಾನೂನು ಓದಿದವನಲ್ಲ. ಕೇಳಬೇಕಾಗಿರೋದು ಇಷ್ಟೇ. ನಮ್ಮ ಕೆಲಸ ನಾವೇ ಮಾಡ್ಕೊಳ್ತೀವಿ ಅಂದರೆ ಅದಕ್ಕೂ ಟೆಂಡರ್ ಬೇಕಾ? ಯಾವುದು ಅಗ್ಗ, ಯಾವುದು ಚೊಕ್ಕ ಅಂತ ನೋಡೋರು ಯಾರಾದರೂ ಇದ್ದಾರಾ, ಅಥವಾ ಬರೀ ಕಾಗದ ಮಾತ್ರ ನೋಡ್ತಾರಾ?

ಕರಿಮೆಣಸು
ಟೆಂಡರ್ ಕರೆಯಲಿ. ನಮ್ಮದೇ ಜನ ಅಂದ್ರೆ ಯಾರ ಜನ ಅಂತ ಎಲ್ಲರಿಗೂ ಗೊತ್ತು. ಸದಸ್ಯರ ಭಾವಮೈದುನ ಡ್ರೈವರ್, ಅವನ ತಮ್ಮ ಲೋಡರ್. ಗಾಡಿ ವಾರಕ್ಕೆ ಮೂರು ದಿನ ಬರುತ್ತೆ, ಡೀಸೆಲ್ ಏಳು ದಿನಕ್ಕೆ ಬರೀತಾರೆ. ಖಾಸಗಿಯವನಾದರೆ ಬಿಲ್ ತಡೆಹಿಡಿಯಬಹುದು. ನಮ್ಮವರದ್ದನ್ನ ತಡೆಯೋರು ಯಾರು?

ಹಳೇಮೆಂಬರ್
ಕರಿಮೆಣಸು ಅಣ್ಣ, ನಾನೂ ಒಂದು ಅವಧಿ ಆ ಸಭೆಯಲ್ಲಿ ಕೂತವನು. ನಮ್ಮ ಮನೆಯವರು ಯಾರೂ ಲೋಡರ್ ಆಗಿರಲಿಲ್ಲ ಅಂತ ಮೊದಲೇ ಹೇಳಿಬಿಡ್ತೀನಿ.

ವಿಷಯಕ್ಕೆ ಬರೋಣ. ಪಟ್ಟಣದ ಸಂಸ್ಥೆಗಳು ನಡೆಯೋದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಮೇಲೆ. ಅದರ 306ನೇ ಪ್ರಕರಣದಲ್ಲಿ ಜಿಲ್ಲಾಧಿಕಾರಿಗೆ ನಮ್ಮ ನಿರ್ಣಯ ಜಾರಿಯಾಗದಂತೆ ತಡೆಯುವ ಅಧಿಕಾರ ಇದೆ. ನಿರ್ಣಯ ಕಾನೂನಿಗೆ ವಿರುದ್ಧ ಆಗಿರಬೇಕು, ಇಲ್ಲ ಜನರಿಗೆ ತೊಂದರೆ ಆಗೋ ಹಾಗಿರಬೇಕು. ತಡೆದ ಮೇಲೆ ಕಾರಣ ಬರೆದು ಸರ್ಕಾರಕ್ಕೆ ಕಳಿಸಬೇಕು. ಗ್ರಾಮ ಪಂಚಾಯಿತಿಗಾದರೆ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ 237ನೇ ಪ್ರಕರಣ, ಹೆಚ್ಚುಕಡಿಮೆ ಅದೇ ಧಾಟಿ.

ಬೆಟ್ಟದಾಚೆಯವರೇ, ನಿಮಗೆ ಬಂದಿರೋದು ತಡೆ ಆದೇಶವೋ, ಬರೀ ವಿವರಣೆ ಕೇಳಿದ ಪತ್ರವೋ? ಎರಡಕ್ಕೂ ವ್ಯತ್ಯಾಸ ತುಂಬಾ ಇದೆ. ಬರೀ ಪತ್ರ ಬಂದಾಗಲೇ ಹೆದರಿ ನಿರ್ಣಯ ಹಿಂದಕ್ಕೆ ತಗೊಂಡ ಸಭೆಗಳನ್ನ ನಾನು ನೋಡಿದ್ದೀನಿ.

ಬೆಟ್ಟದಾಚೆ
ಬರೀ ಪತ್ರ. ಹೆದರಿರೋದೂ ಹೌದು. ಮುಂದಿನ ಸಭೆಯ ವಿಷಯ ಪಟ್ಟಿಯಲ್ಲಿ "ಮರುಪರಿಶೀಲನೆ" ಅಂತ ಬಂದಾಗಿದೆ.

ಲೆಕ್ಕದಮನೆ
ನಾನು ಸ್ಥಳೀಯ ಸಂಸ್ಥೆಗಳ ಲೆಕ್ಕಪರಿಶೋಧನೆಯಲ್ಲೇ ಸರ್ವೀಸು ಮುಗಿಸಿದವನು. ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

1999ರ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ, ಅಂದರೆ ಎಲ್ಲರೂ ಕೆಟಿಪಿಪಿ ಅನ್ನೋದು, ಹೊರಗಿನಿಂದ ಸರಕು, ಸೇವೆ, ಕಾಮಗಾರಿ ಪಡೆಯೋದಕ್ಕೆ ಅನ್ವಯ. ಸಂಸ್ಥೆಯ ಸಂಬಳದ ಪಟ್ಟಿಯಲ್ಲಿರೋ ನೌಕರ ಸಂಸ್ಥೆಯ ಗಾಡಿ ಓಡಿಸಿದರೆ ಅಲ್ಲಿ ಖರೀದಿ ಅನ್ನೋದೇ ಇಲ್ಲ. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ ಸರಳ: ನಿಮ್ಮ ಕೆಲಸ ನೀವೇ ಮಾಡಿಕೊಳ್ಳೋದಕ್ಕೆ ಟೆಂಡರ್ ಬೇಡ. ಆದರೆ ಗಾಡಿ ಕೊಳ್ಳೋದಕ್ಕೆ ಬೇಕು, ಮೊತ್ತ ಮಿತಿ ಮೀರಿದರೆ ಟೈರಿಗೂ ಬೇಕು. ಮುಖ್ಯವಾಗಿ, ಡ್ರೈವರನ್ನ ಏಜೆನ್ಸಿ ಮೂಲಕ ತಗೊಂಡರೆ ಅದಕ್ಕೂ ಬೇಕು. "ನಮ್ಮದೇ ಜನ" ಅಂತ ನಿರ್ಣಯದಲ್ಲಿ ಬರೆದು ಒಳಗೆ ಹೊರಗುತ್ತಿಗೆ ಡ್ರೈವರುಗಳನ್ನ ಇಟ್ಟುಕೊಂಡಿದ್ದರೆ ಪತ್ರ ಬರೆದವರದ್ದು ತಪ್ಪಿಲ್ಲ.

ಇನ್ನು ಎರಡನೇ ಪ್ರಶ್ನೆ. ಅಲ್ಲೇ ಇರೋದು ನಿಜವಾದ ರೋಗ.

ಟೆಂಡರ್ ಕಡತ ನಮ್ಮ ಮುಂದೆ ಬಂದರೆ ನಾವು ಏನು ನೋಡ್ತಿದ್ವಿ? ಪ್ರಕಟಣೆ ಪೋರ್ಟಲ್‌ನಲ್ಲಿ ಬಂತಾ, ದಿನ ಸಾಕಷ್ಟು ಕೊಟ್ಟಿದ್ದರಾ, ಇಎಂಡಿ ಅನ್ನೋ ಠೇವಣಿ ಕಟ್ಟಿಸಿಕೊಂಡರಾ, ಅರ್ಹತೆಯದ್ದು, ದರದ್ದು ಅಂತ ಎರಡು ಲಕೋಟೆ ಬೇರೆ ಬೇರೆ ತೆರೆದರಾ, ಕಡಿಮೆ ದರದವನಿಗೇ ಕೊಟ್ಟರಾ. ಎಲ್ಲಾ ಸರಿ ಇದ್ದರೆ ಆಕ್ಷೇಪಣಾ ಕಂಡಿಕೆ ಇಲ್ಲ. ಕಸ ಎತ್ತಿದರೋ ಇಲ್ಲವೋ ಅನ್ನೋದು ಆ ಕಡತದಲ್ಲಿ ಎಲ್ಲೂ ಇರೋದಿಲ್ಲ! ಕೆಲಸ ಆಗಿದೆ ಅಂತ ಆರೋಗ್ಯ ನಿರೀಕ್ಷಕರ ಒಂದು ಸಹಿ ಇರುತ್ತೆ, ಅಷ್ಟೆ.

ಸ್ವಂತ ಕೆಲಸದ್ದು ಅದಕ್ಕಿಂತ ಕಷ್ಟ. ಸಂಬಳ ಒಂದು ಲೆಕ್ಕ ಶೀರ್ಷಿಕೆಯಲ್ಲಿ, ಡೀಸೆಲ್ ಇನ್ನೊಂದರಲ್ಲಿ, ರಿಪೇರಿ ಮತ್ತೊಂದರಲ್ಲಿ, ಗಾಡಿ ಕೊಂಡಿದ್ದು ಯಾವುದೋ ಅನುದಾನದಲ್ಲಿ. ಒಂದು ಮನೆಯ ಕಸ ಎತ್ತೋಕೆ ವರ್ಷಕ್ಕೆ ಎಷ್ಟು ಖರ್ಚು ಅಂತ ಕೇಳಿ ನೋಡಿ, ಉತ್ತರ ಕೊಡಬಲ್ಲ ಕಚೇರಿ ನನ್ನ ಸರ್ವೀಸಿನಲ್ಲಿ ಒಂದೂ ಸಿಗಲಿಲ್ಲ. ಆ ಅಂಕಿ ಇಲ್ಲದೆ "ಟೆಂಡರ್ ಅಗ್ಗ" ಅನ್ನೋದೂ ಊಹೆ, "ನಮ್ಮವರೇ ಅಗ್ಗ" ಅನ್ನೋದೂ ಊಹೆ.

ಪುಟ್ಟಗುತ್ತಿಗೆ
ನಾನು ಸೋಮವಾರಪೇಟೆ ಕಡೆ ಸಣ್ಣಪುಟ್ಟ ಕಾಮಗಾರಿ ಮಾಡೋನು. ಚರಂಡಿ, ತಡೆಗೋಡೆ, ಸ್ಲ್ಯಾಬು. ಎಲ್ಲರೂ ಗುತ್ತಿಗೆದಾರನ್ನ ಬೈತೀರಿ, ನಮ್ಮದೂ ಒಂದು ಸಲ ಕೇಳಿ.

ಸ್ಪರ್ಧೆ ಅಂತೀರಲ್ಲ, ಎಲ್ಲಿದೆ? ಒಳ್ಳೆ ಕೆಲಸ ಬಂತು ಅಂದ್ರೆ ಕೆ.ಆರ್.ಐ.ಡಿ.ಎಲ್., ನಿರ್ಮಿತಿ ಕೇಂದ್ರದಂಥ ಸರ್ಕಾರಿ ನಿರ್ಮಾಣ ಸಂಸ್ಥೆಗಳಿಗೆ ನೇರ ವಹಿಸ್ತಾರೆ. ಕೆಟಿಪಿಪಿಯ 4(ಜಿ) ವಿನಾಯಿತಿ ಅಂತಾರೆ. ಅಲ್ಲಿಂದ ಕೆಳಗೆ ಕೆಲಸ ಮಾಡೋರು ಯಾರು? ನಮ್ಮಂಥೋರೇ. ಟೆಂಡರ್ ಇಲ್ಲದೆ ಇನ್ನೊಬ್ಬರ ಹೆಸರಲ್ಲಿ ಮಾಡ್ತೀವಿ, ಅಷ್ಟೇ ವ್ಯತ್ಯಾಸ. ಉಳಿದ ಕೆಲಸಾನ ಐದು ಲಕ್ಷದ ಒಳಗೆ ಬರೋ ಹಾಗೆ ಕತ್ತರಿಸಿ ತುಂಡು ಗುತ್ತಿಗೆ ಮಾಡ್ತಾರೆ. ಒಂದೇ ರಸ್ತೆಯ ಚರಂಡಿ, "ಇಂಥವರ ಮನೆಯಿಂದ ಇಂಥವರ ಮನೆವರೆಗೆ" ಅಂತ ನಾಲ್ಕು ಅಂದಾಜು ಪಟ್ಟಿ.

ಹಳೇಮೆಂಬರ್
ಆ ನಾಲ್ಕು ಪಟ್ಟಿಗೆ ಕೈ ಎತ್ತಿದವರಲ್ಲಿ ಎಲ್ಲಾ ಪಕ್ಷದವರೂ ಇರ್ತಾರೆ. ಅದೊಂದು ವಿಷಯದಲ್ಲಿ ಒಗ್ಗಟ್ಟು.

ಮಳೆಗಾಲದ್ದು ಇನ್ನೊಂದು ದಾರಿ. ಪ್ರಕೃತಿ ವಿಕೋಪ ಅಂತ ಸರ್ಕಾರ ಘೋಷಿಸಿದರೆ 4(ಎ)ನಲ್ಲಿ ಟೆಂಡರ್ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಟೆಂಡರ್ ಅಂತ ಕೂತಿದ್ದರೆ ಜನ ಮಣ್ಣಿನಡಿ ಇರ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಸಿಕ್ಕ ಜೆಸಿಬಿ ಹತ್ತಿಸಿದರು, ಸರಿಯೇ ಮಾಡಿದರು. ಆದರೆ ನಮ್ಮಲ್ಲಿ ಪ್ರತಿ ಜೂನ್‌ನಲ್ಲೂ ಮಳೆ ಬರುತ್ತೆ ಅನ್ನೋದು ಯಾರಿಗೂ ಹೊಸ ಸುದ್ದಿ ಅಲ್ಲ. ಏಪ್ರಿಲ್‌ನಲ್ಲಿ ಟೆಂಡರ್ ಕರೆದು ಚರಂಡಿ ಹೂಳು ತೆಗೆಸಬಹುದಾದ್ದನ್ನ ಜುಲೈವರೆಗೆ ಎಳೆದು "ತುರ್ತು" ಅಂತ ಮಾಡಿ, ಆಮೇಲೆ ಘಟನೋತ್ತರ ಮಂಜೂರಾತಿ ಕೇಳೋದಿದೆಯಲ್ಲ, ಅದನ್ನ ಮೇಲಿನವರು ಕೇಳಬೇಕಾದ್ದು.

ಕರಿಮೆಣಸು
ಇದನ್ನೆಲ್ಲಾ ಕೇಳಿದ ಮೇಲೆ ನನಗೆ ಇನ್ನೂ ಟೆಂಡರೇ ಸರಿ ಅನ್ನಿಸ್ತಿದೆ. ನಿಯಮ ಮುರಿದವರ ಕಥೆ ಹೇಳಿ ನಿಯಮ ಬೇಡ ಅಂದ್ರೆ ಹೇಗೆ?

ದೂರದೂರು
ನಮಸ್ಕಾರ ಎಲ್ಲರಿಗೂ. ನಮ್ಮ ಮನೆ ನಾಪೋಕ್ಲು ಕಡೆ, ಇರೋದು ಇಂಗ್ಲೆಂಡಿನಲ್ಲಿ. ಇಲ್ಲಿ ಇದೇ ಜಗಳ ಇಪ್ಪತ್ತು ವರ್ಷ ನಡೆದಿದೆ. ಅದನ್ನ ಸ್ವಲ್ಪ ಹೇಳಬೇಕು ಅನ್ನಿಸ್ತು, ಕರಿಮೆಣಸು ಮಾವನಿಗೆ ಇಷ್ಟವಾಗೋ ಭಾಗವೂ ಇದೆ.

ಮಾರ್ಗರೇಟ್ ಥ್ಯಾಚರ್ ಸರ್ಕಾರ 1980ರಲ್ಲಿ ಒಂದು ಕಾಯ್ದೆ ಮಾಡಿತು. ಸ್ಥಳೀಯ ಕೌನ್ಸಿಲ್‌ಗಳು ಕಟ್ಟಡ, ರಸ್ತೆ ಕೆಲಸವನ್ನ ತಮ್ಮದೇ ಕೂಲಿಕಾರರಿಂದ ಮಾಡಿಸಬೇಕಾದರೆ ನಿಗದಿತ ಮೊತ್ತಕ್ಕಿಂತ ದೊಡ್ಡ ಕೆಲಸಕ್ಕೆ ಖಾಸಗಿಯವರ ಜೊತೆ ಸ್ಪರ್ಧಿಸಿ ಗೆಲ್ಲಬೇಕು. 1988ರ ಕಾಯ್ದೆ ಅದನ್ನ ಕಸ, ರಸ್ತೆ ಗುಡಿಸೋದು, ಶಾಲೆ ಊಟ, ಪಾರ್ಕು, ಗಾಡಿ ರಿಪೇರಿಗೂ ವಿಸ್ತರಿಸಿತು. ಅಂದರೆ ಅಲ್ಲಿ ಬೆಟ್ಟದಾಚೆ ಅಣ್ಣನ ಊರಿನ ನಿರ್ಣಯ ಮಾಡೋ ಹಾಗೇ ಇರಲಿಲ್ಲ. ನಮ್ಮದೇ ಜನ ಅಂದರೂ ಟೆಂಡರ್ ಹಾಕಿ ಗೆಲ್ಲಬೇಕಿತ್ತು. ಗೆದ್ದ ಮೇಲೂ ಆ ವಿಭಾಗಕ್ಕೆ ಪ್ರತ್ಯೇಕ ವ್ಯಾಪಾರಿ ಲೆಕ್ಕ, ಹೂಡಿದ ಬಂಡವಾಳದ ಮೇಲೆ ಸರ್ಕಾರ ಹೇಳಿದಷ್ಟು ಆದಾಯ ತೋರಿಸಬೇಕು. ಕೌನ್ಸಿಲ್ ತನ್ನವರ ಪರ ವಾಲಿದೆ ಅನ್ನಿಸಿದರೆ ಲಂಡನ್ನಿನ ಮಂತ್ರಿ ನೋಟಿಸ್ ಕೊಟ್ಟು ಮರುಟೆಂಡರ್ ಮಾಡಿಸಬಹುದಿತ್ತು, ವಿಭಾಗವನ್ನೇ ಮುಚ್ಚಿಸಲೂಬಹುದಿತ್ತು.

ಸ್ವಾರಸ್ಯ ಏನಂದರೆ, ಅಷ್ಟೆಲ್ಲಾ ಬಿಗಿ ಮಾಡಿದರೂ ಹೆಚ್ಚಿನ ಕೆಲಸ ಕೌನ್ಸಿಲ್‌ಗಳ ಸ್ವಂತ ವಿಭಾಗಗಳೇ ಗೆದ್ದವು. ಗೆಲ್ಲೋದಕ್ಕೆ ಏನು ಕೊಟ್ಟರು ಅನ್ನೋದು ಬೇರೆ ಮಾತು. ನಾರ್ತ್ ಯಾರ್ಕ್‌ಷೈರ್‌ನಲ್ಲಿ ಶಾಲೆಯ ಅಡುಗೆ ಹೆಂಗಸರ ಕೂಲಿ ಇಳಿಸಿ ಕೌನ್ಸಿಲ್ ಟೆಂಡರ್ ಗೆದ್ದಿತು. ಅದೇ ದರ್ಜೆಯ ಗಂಡಸರ ಕೆಲಸಕ್ಕೆ ಕೂಲಿ ಇಳಿಸಲಿಲ್ಲ. ಹೆಂಗಸರು ಕೋರ್ಟಿಗೆ ಹೋದರು. 1995ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು: ಟೆಂಡರ್ ಗೆಲ್ಲಬೇಕಿತ್ತು ಅನ್ನೋದು ಸಮಾನ ವೇತನ ಕಾಯ್ದೆ ಮುರಿಯೋದಕ್ಕೆ ಕಾರಣ ಆಗೋದಿಲ್ಲ ಅಂತ.

1999ರಲ್ಲಿ ಬ್ಲೇರ್ ಸರ್ಕಾರ ಆ ಕಡ್ಡಾಯವನ್ನ ತೆಗೆಯಿತು, 2000ದ ಜನವರಿಯಿಂದ ಅದು ಇಲ್ಲ. ಬದಲಿಗೆ ಬಂದದ್ದು "ಬೆಸ್ಟ್ ವ್ಯಾಲ್ಯೂ". ಟೆಂಡರ್ ಮಾಡಿ, ಬಿಡಿ, ಆದರೆ ಈ ಸೇವೆ ಬೇಕೇ, ಬೇರೆ ಊರಿಗಿಂತ ನಮ್ಮದು ಹೇಗಿದೆ, ಜನ ಏನಂತಾರೆ, ಸ್ಪರ್ಧೆಯಲ್ಲಿ ನಿಲ್ಲುತ್ತಾ ಅಂತ ತೋರಿಸಿ ಅಂದರು. ಅದರಲ್ಲೂ ಕಾಗದದ ರಾಶಿ ಬೆಳೆಯಿತು ಅಂತ ಇಲ್ಲಿನವರು ಗೊಣಗ್ತಾರೆ.

ಕರಿಮೆಣಸು
ಮಾವ ಅಂದದ್ದಕ್ಕೆ ಪೂರ್ತಿ ಓದಿದೆ ಕಣೋ. ನನಗೆ ಇಷ್ಟವಾದ ಭಾಗ ಆ ಪ್ರತ್ಯೇಕ ಲೆಕ್ಕ. ಅದನ್ನ ಇಲ್ಲಿ ಮಾಡಿಸಿ, ಆಮೇಲೆ ಗಾಡಿ ಯಾರಾದರೂ ಓಡಿಸಲಿ.

ಲೆಕ್ಕದಮನೆ
ಅದೇ ನಾನು ಹೇಳಬೇಕೆಂದಿದ್ದು. ಥ್ಯಾಚರ್ ಕಾಯ್ದೆಯ ಒತ್ತಾಯ ನಮಗೆ ಬೇಡ, ಆ ಲೆಕ್ಕದ ಪುಸ್ತಕ ಮಾತ್ರ ಬೇಕು.

ಕಾವೇರಿತೀರ
ನೀವೆಲ್ಲಾ ಎರಡೇ ದಾರಿ ಇರೋ ಹಾಗೆ ಮಾತಾಡ್ತಿದ್ದೀರಿ. ಕುಶಾಲನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಸಂಜೀವಿನಿ ಒಕ್ಕೂಟದಲ್ಲಿದ್ದೀನಿ, ಅಂದರೆ ಮಹಿಳಾ ಸ್ವಸಹಾಯ ಗುಂಪುಗಳ ಒಕ್ಕೂಟ. ನಮ್ಮದು ಟೆಂಡರೂ ಅಲ್ಲ, ಪಂಚಾಯಿತಿ ನೌಕರಿಯೂ ಅಲ್ಲ. ಪಂಚಾಯಿತಿ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಳ್ಳುತ್ತೆ, ಸ್ವಚ್ಛವಾಹಿನಿ ಗಾಡಿ ನಮ್ಮ ಹೆಣ್ಣುಮಕ್ಕಳೇ ಓಡಿಸ್ತಾರೆ, ಒಣ ಕಸ ನಾವೇ ವಿಂಗಡಿಸಿ ಮಾರ್ತೀವಿ.

ನಡೀತಿದೆಯಾ ಅಂದ್ರೆ, ನಡೀತಿದೆ, ಕುಂಟುತ್ತಾ. ಮನೆಗಳಿಂದ ಶುಲ್ಕ ವಸೂಲಿಗೆ ಹೋದರೆ "ಕಸಕ್ಕೂ ದುಡ್ಡಾ ಅಕ್ಕ?" ಅಂತ ಬಾಗಿಲು ಹಾಕ್ತಾರೆ. ಹೋಂಸ್ಟೇ ಮಾಲೀಕರು ಇನ್ನೂ ಜಾಣರು. ಭಾನುವಾರ ಹತ್ತು ಕಾರು ನಿಂತಿರುತ್ತೆ, ಸೋಮವಾರ ಮೂರು ಚೀಲ ಬಾಟಲಿ ಇಟ್ಟಿರ್ತಾರೆ, ಶುಲ್ಕ ಕಟ್ಟೋದು ಮಾತ್ರ ಒಂದು ಮನೆಯ ಲೆಕ್ಕದಲ್ಲಿ. 2016ರ ಘನತ್ಯಾಜ್ಯ ನಿಯಮದಲ್ಲಿ ದಿನಕ್ಕೆ ಸರಾಸರಿ 100 ಕಿಲೋ ಮೀರಿದರೆ ಮಾತ್ರ ದೊಡ್ಡ ಉತ್ಪಾದಕರು ಅಂತ ಇತ್ತು. ನಮ್ಮ ಹೋಂಸ್ಟೇಗಳು ಒಂದೊಂದಾಗಿ ಅಷ್ಟು ಮುಟ್ಟೋದಿಲ್ಲ, ಎಲ್ಲಾ ಸೇರಿದರೆ ಊರಿನ ಕಸಕ್ಕಿಂತ ಜಾಸ್ತಿ.

ಮೇಲಿನಿಂದ ತಪಾಸಣೆಗೆ ಬಂದವರು ಕೇಳಿದ್ದು ಒಪ್ಪಂದ ಪತ್ರ, ಸಭೆಯ ನಡಾವಳಿ, ಫೋಟೋ. ಗ್ಲೌಸ್ ಇದೆಯಾ, ವಿಮೆ ಕಟ್ಟಿದ್ದಾರಾ ಅಂತ ಒಬ್ಬರೂ ಕೇಳಲಿಲ್ಲ.

ಬೆಟ್ಟದಾಚೆ
ಅಕ್ಕ ಹೇಳಿದ್ದು ಪಟ್ಟಣಕ್ಕೂ ಅನ್ವಯ ಆಗುತ್ತೆ. ಪೌರಕಾರ್ಮಿಕರ ಸಂಖ್ಯೆ ನಿಗದಿ ಆಗೋದು ಜನಸಂಖ್ಯೆ ಮೇಲೆ, 700 ಜನರಿಗೆ ಒಬ್ಬರು ಅಂತ. 2011ರ ಜನಗಣತಿಯಲ್ಲಿ ಮಡಿಕೇರಿ 33,381. ಭಾಗಿಸಿ ನೋಡಿ, 48 ಜನ ಬರ್ತಾರೆ. ರಾಜಾಸೀಟಿಗೆ ಶನಿವಾರ ಸಂಜೆ ಬರೋ ಜನ ಯಾವ ಜನಗಣತಿಯಲ್ಲಿದ್ದಾರೆ? ದಸರಾ ದಶಮಂಟಪದ ಮರುದಿನ ಬೆಳಿಗ್ಗೆ ರಸ್ತೆ ನೋಡಿದವರು ಹೇಳಲಿ.

ಹಳೇಮೆಂಬರ್
ಪೌರಕಾರ್ಮಿಕರ ಬಗ್ಗೆ ವರದಿ ಕೊಟ್ಟ ಐ.ಪಿ.ಡಿ. ಸಾಲಪ್ಪ ಸಮಿತಿ ಹೇಳಿದ್ದು 500 ಜನರಿಗೆ ಒಬ್ಬರು. ಅದನ್ನ 700ಕ್ಕೆ ಎಳೆದರು. ಸಮತಟ್ಟಾದ ಊರಿನ ಲೆಕ್ಕ ಬೇರೆ, ಮಡಿಕೇರಿಯಂಥ ಏರಿಳಿತದ ಊರಿನಲ್ಲಿ ತಳ್ಳುಗಾಡಿ ತಳ್ಳೋರ ಲೆಕ್ಕ ಬೇರೆ. ಒಂದೇ ಸುತ್ತೋಲೆ, ಎಲ್ಲಾ ಊರಿಗೂ.

ಸ್ಟೀರಿಂಗ್
ನಾನು ಕಸದ ಗಾಡಿ ಡ್ರೈವರ್. ಹೊರಗುತ್ತಿಗೆ. ಊರು ಹೇಳಲ್ಲ, ಕೆಲಸ ಹೋಗುತ್ತೆ.

ಪೌರಕಾರ್ಮಿಕರಿಗೆ 2017ರಿಂದ ಗುತ್ತಿಗೆ ತೆಗೆದು ನೇರ ಪಾವತಿ ಅಂದರು, ಆಮೇಲೆ ಕಾಯಂ ಆಗೋ ದಾರಿ ಆಯ್ತು, ಒಳ್ಳೇದಾಯ್ತು. ಅವರ ಜೊತೆ ಅದೇ ಗಾಡಿಯಲ್ಲಿ ಹೋಗೋ ಡ್ರೈವರು, ಲೋಡರು ಏಜೆನ್ಸಿಯಲ್ಲೇ ಉಳಿದ್ವಿ. ಟೆಂಡರ್ ಪ್ರತಿ ಸಲ ಆಗುತ್ತೆ. ಏಜೆನ್ಸಿ ಹೆಸರು ಬದಲಾಗುತ್ತೆ, ನಾವು ಅವೇ ಜನ, ಅದೇ ಗಾಡಿ. ಹೊಸ ಏಜೆನ್ಸಿ ಬಂದಾಗ ಹಳೇದರ ಕೊನೇ ತಿಂಗಳ ಸಂಬಳ ಯಾರ ಹತ್ರ ಕೇಳಬೇಕು ಅಂತ ಗೊತ್ತಾಗಲ್ಲ. ಪಿಎಫ್ ಕಟ್ ಆಗಿದೆ ಅಂತ ಚೀಟಿಯಲ್ಲಿರುತ್ತೆ, ಮೊಬೈಲಲ್ಲಿ ಪಾಸ್‌ಬುಕ್ ತೆಗೆದು ನೋಡಿದ್ರೆ ನಾಲ್ಕು ತಿಂಗಳು ಖಾಲಿ.

ಸ್ಪರ್ಧೆ ಅಂದ್ರೆ ಇದು. ಕೂಲಿ ಮೇಲೆ ಏಜೆನ್ಸಿ ತನಗೆ ಅಂತ ಕೇಳೋ ಸೇವಾ ಶುಲ್ಕ ಸೊನ್ನೆ ಅಂತ ಬರೆದವನು ಗೆಲ್ಲುತ್ತಾನೆ. ಸೊನ್ನೆಗೆ ಯಾರಾದರೂ ವ್ಯಾಪಾರ ಮಾಡ್ತಾರಾ ಸಾರ್?

ಲೆಕ್ಕದಮನೆ
ತಮ್ಮಾ, ನೀನು ಬರೆದ ಕೊನೇ ಸಾಲು ಹತ್ತು ಪರಿಶೋಧನಾ ವರದಿಗಿಂತ ದೊಡ್ಡದು.

ಇಲ್ಲಿ ಯಾರಿಗೆ ಏನು ಹಕ್ಕಿದೆ ಅಂತ ಹೇಳ್ತೀನಿ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಟ್ಟು ಅವನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕು. ಇದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಿಂದಲೂ ಇರೋ ನಿಯಮ. ಮಾಲೀಕನ ಪಾಲಿನ ಪಿಎಫ್ 12 ಶೇಕಡಾ, ಇಎಸ್‌ಐ 3.25 ಶೇಕಡಾ. ಏಜೆನ್ಸಿ ಬಿಲ್ ಕೊಟ್ಟಾಗ ಹಿಂದಿನ ತಿಂಗಳ ಪಿಎಫ್ ಚಲನ್ ಮಾತ್ರವಲ್ಲ, ಕಾರ್ಮಿಕರ ಹೆಸರಿರೋ ಪಟ್ಟಿಯೂ ಜೊತೆಗಿರಬೇಕು. ಚಲನ್ ಒಂದೇ ತೋರಿಸಿದರೆ ಅದು ಯಾವ ಊರಿನ ಯಾವ ಕೆಲಸದವರದ್ದು ಅಂತ ಗೊತ್ತಾಗೋದಿಲ್ಲ. ಎಷ್ಟೋ ಕಡೆ ಸಿಗೋದು ಚಲನ್ ಮಾತ್ರ.

ಇನ್ನೊಂದು. ಟೆಂಡರ್ ತೀರ್ಮಾನದ ಮೇಲೆ ಕೆಟಿಪಿಪಿ ಕಾಯ್ದೆಯ 16ನೇ ಪ್ರಕರಣದಲ್ಲಿ ಮೇಲ್ಮನವಿ ಇದೆ, 30 ದಿನದೊಳಗೆ. ಆದರೆ ಹಾಕೋ ಹಕ್ಕಿರೋದು ಟೆಂಡರ್‌ನಲ್ಲಿ ಭಾಗವಹಿಸಿದವನಿಗೆ. ಸೋತ ಏಜೆನ್ಸಿ ಮೇಲ್ಮನವಿ ಹಾಕಬಹುದು. ಸಂಬಳ ಸಿಗದ ಡ್ರೈವರ್ ಹಾಕೋ ಹಾಗಿಲ್ಲ, ಕಸ ಹೋಗದ ಬೀದಿಯವರೂ ಹಾಕೋ ಹಾಗಿಲ್ಲ. ಇಡೀ ಮೇಲ್ವಿಚಾರಣೆ ಕಟ್ಟಿರೋದೇ ಇಬ್ಬರು ಗುತ್ತಿಗೆದಾರರ ಮಧ್ಯೆ ಅನ್ಯಾಯ ಆಗಬಾರದು ಅಂತ.

ಕರಿಮೆಣಸು
ಈ ಹುಡುಗನ ಮಾತು ಓದಿದ ಮೇಲೆ ಒಂದು ಹೇಳ್ತೀನಿ. ತೋಟದಲ್ಲಿ ನಾನೂ ಕಾಫಿ ಕೊಯ್ಲಿಗೆ ಮೇಸ್ತ್ರಿ ಮೂಲಕ ಜನ ತರಿಸ್ತೀನಿ. ಮೇಸ್ತ್ರಿಗೆ ಕಮಿಷನ್ ಕೊಡದೇ ಇದ್ದರೆ ಅವನು ಆಳುಗಳ ಕೂಲಿಯಲ್ಲೇ ಹಿಡೀತಾನೆ, ಇದು ನಮ್ಮ ಕಡೆ ಯಾವ ಬೆಳೆಗಾರನಿಗೂ ಗೊತ್ತು. ಕಚೇರಿಯವರಿಗೆ ಗೊತ್ತಿಲ್ಲವಾ?

ಆದರೂ ಟೆಂಡರ್ ಬೇಡ ಅನ್ನಲ್ಲ. ಕೂಲಿ, ಪಿಎಫ್ ಅನ್ನ ಸಂಸ್ಥೆಯೇ ನೇರ ಖಾತೆಗೆ ಹಾಕಲಿ, ಟೆಂಡರ್ ಬರೀ ಗಾಡಿ ಮತ್ತು ನಿರ್ವಹಣೆಗೆ ಇರಲಿ. ಆಗ ಸ್ಪರ್ಧೆ ಆಳಿನ ಹೊಟ್ಟೆ ಮೇಲೆ ಬೀಳೋದಿಲ್ಲ.

ಪುಟ್ಟಗುತ್ತಿಗೆ
ಗಾಡಿ ಟೆಂಡರ್‌ಗೆ ಕೊಡಗಿನೋರು ಯಾರೂ ಬರಲ್ಲ ಅಣ್ಣ. "ಇಷ್ಟು ವರ್ಷ ಅನುಭವ, ಇಷ್ಟು ವಹಿವಾಟು" ಅಂತ ಷರತ್ತು ಹಾಕಿರ್ತಾರೆ. ಒಬ್ಬನೇ ಬರ್ತಾನೆ, ಮರುಟೆಂಡರ್, ಮತ್ತೆ ಅವನೇ ಬರ್ತಾನೆ. ಆಮೇಲೆ "ಸಾರ್ವಜನಿಕ ಹಿತದೃಷ್ಟಿಯಿಂದ" ಅವನಿಗೇ.

ದೂರದೂರು
ಒಂದೇ ಟೆಂಡರ್ ಬರೋ ಕಡೆ ಸ್ವಂತ ವಿಭಾಗ ಇರೋದು ಒಂದು ಆಸರೆ. ನೀವು ಹೆಚ್ಚು ಕೇಳಿದರೆ ನಾವೇ ಮಾಡ್ಕೊಳ್ತೀವಿ ಅನ್ನೋ ತಾಕತ್ತು ಕೌನ್ಸಿಲ್‌ಗೆ ಇರಬೇಕು. ಗಾಡಿ ಮಾರಿ, ಡ್ರೈವರ್ ಹುದ್ದೆ ರದ್ದು ಮಾಡಿದ ಮೇಲೆ ಆ ಮಾತು ಹೇಳೋಕೆ ಆಗೋದಿಲ್ಲ.

ಹಳೇಮೆಂಬರ್
ಸರಿ, ಬೆಟ್ಟದಾಚೆಯವರ ಸಭೆಗೆ ದಿನ ಕಡಿಮೆ ಇದೆ. ನಾನಾಗಿದ್ದರೆ ನಿಮ್ಮ ವಾರ್ಡಿನ ಸದಸ್ಯರಿಗೆ ಹೀಗೆ ಹೇಳ್ತಿದ್ದೆ: ನಿರ್ಣಯ ಹಿಂದಕ್ಕೆ ತಗೋಬೇಡಿ. ಕೆಟಿಪಿಪಿ ಸ್ವಂತ ಸಿಬ್ಬಂದಿ ಕೆಲಸಕ್ಕೆ ಅನ್ವಯ ಆಗೋದಿಲ್ಲ ಅಂತ ಉತ್ತರ ಬರೆಯಿರಿ, ಜೊತೆಗೆ ಒಂದು ಪುಟದ ಖರ್ಚಿನ ಪಟ್ಟಿ ಲಗತ್ತಿಸಿ. ಸಂಬಳ, ಡೀಸೆಲ್, ರಿಪೇರಿ, ವಿಮೆ, ಗಾಡಿಯ ಸವಕಳಿ, ಎಷ್ಟು ಮನೆ, ಎಷ್ಟು ಟನ್. ಆ ಪಟ್ಟಿ ನೋಡಿದ ಮೇಲೂ ಜಿಲ್ಲಾಧಿಕಾರಿ ಕಚೇರಿ ಟೆಂಡರೇ ಮಾಡಿ ಅಂದರೆ ಕಾರಣ ಬರೆದು ಹೇಳಲಿ. ಖಾಲಿ ಕೈಯಲ್ಲಿ "ನಮ್ಮ ಸ್ವಾಯತ್ತತೆ" ಅಂತ ಭಾಷಣ ಮಾಡಿದರೆ ನಗ್ತಾರೆ.

ಬೆಟ್ಟದಾಚೆ
ಸದಸ್ಯರ ಜೊತೆ ಮಾತಾಡಿದೆ. ಖರ್ಚಿನ ಪಟ್ಟಿ ಕೇಳಿದ್ದಕ್ಕೆ ಕಚೇರಿಯವರು "ಅಂಥದ್ದು ನಾವು ಇಟ್ಟಿಲ್ಲ" ಅಂದರಂತೆ. ಲೆಕ್ಕದಮನೆಯವರು ಹೇಳಿದ್ದೇ ಆಯ್ತು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕ್ತಿದ್ದೀನಿ. ಉತ್ತರಕ್ಕೆ 30 ದಿನ ಇದೆ, ಸಭೆ ಅದಕ್ಕಿಂತ ಮೊದಲೇ. ಸದಸ್ಯರು ವಿಷಯ ಮುಂದೂಡಿಸೋಕೆ ಒಪ್ಪಿದ್ದಾರೆ. ಮೂರು ವರ್ಷದ ವಾಹನ ಲಾಗ್ ಪುಸ್ತಕ, ರಿಪೇರಿ ಬಿಲ್ಲು, ಏಜೆನ್ಸಿ ಬಿಲ್ಲಿನ ಜೊತೆಗಿರೋ ಪಿಎಫ್ ಪಟ್ಟಿ ಕೇಳಿದ್ದೀನಿ. ಬಿಟ್ಟುಹೋಗಿದ್ದರೆ ಹೇಳಿ.

ಲೆಕ್ಕದಮನೆ
ನಕಲು ಕೇಳೋದರ ಜೊತೆ ಕಡತ ಪರಿಶೀಲನೆಗೂ ಅವಕಾಶ ಕೇಳಿ. ನಕಲಿನಲ್ಲಿ ಪುಟ ಬಿಟ್ಟುಹೋಗುತ್ತೆ. ಹಿಂದಿನ ಲೆಕ್ಕಪರಿಶೋಧನಾ ವರದಿಗೆ ಸಂಸ್ಥೆ ಕೊಟ್ಟ ಅನುಪಾಲನಾ ಉತ್ತರವನ್ನೂ ಸೇರಿಸಿ.

ಸ್ಟೀರಿಂಗ್
ಡೀಸೆಲ್ ಇಂಡೆಂಟ್ ಪುಸ್ತಕ, ಅಂದ್ರೆ ಬಂಕಿಗೆ ಕೊಡೋ ಬೇಡಿಕೆ ಚೀಟಿ ಪುಸ್ತಕ ಕೇಳಿ ಅಣ್ಣ. ಲಾಗ್ ಪುಸ್ತಕ ಕಚೇರಿಯಲ್ಲಿ ಕೂತು ಬರೀತಾರೆ, ಇಂಡೆಂಟ್‌ಗೆ ಮಾತ್ರ ಬಂಕಿನಲ್ಲಿ ನಮ್ಮ ಸಹಿ ಇರುತ್ತೆ.

ಬೆಟ್ಟದಾಚೆ
ಸೇರಿಸಿದೆ. ನಾಳೆ ಬೆಳಿಗ್ಗೆ ಕೊಟ್ಟು ಸ್ವೀಕೃತಿ ತಗೋತೀನಿ.